ಐದು ನಿಮಿಷದ ದಾರಿ

"ನನ್ನ ತಾಯಿಗೆ ಮಂಡಿ ಆಪರೇಷನ್ ಆಗಿದೆ. ಫೋಟೋದಲ್ಲಿರುವ ಬಂಡೆಯವರೆಗೆ ಅವರು ನಡೆಯಬಹುದೇ? ಎಷ್ಟು ದೂರ?" ಎಂದು ಮೈಸೂರಿನಿಂದ ಒಬ್ಬರು ನಮ್ಮ ವೆಬ್‌ಸೈಟಿನಲ್ಲಿ ಕೇಳಿದ್ದರು. "ಖಂಡಿತ. ನಮ್ಮಲ್ಲಿಂದ ಬರೀ ಐದು ನಿಮಿಷದ ದಾರಿ. ಎಲ್ಲ ವಯಸ್ಸಿನವರಿಗೂ ಅನುಕೂಲ" ಎಂದು ಮರುಕ್ಷಣವೇ ಉತ್ತರ ಹೋಗಿತ್ತು. ಆ ಉತ್ತರ ಹೋಗುವಾಗ ನಾನು ಹಿತ್ತಲಲ್ಲಿ ನೀರಿನ ಟ್ಯಾಂಕ್ ತೊಳೆಯುತ್ತಿದ್ದೆ. ಪ್ರಶ್ನೆಯಲ್ಲಿ ಬಂಡೆ, ದಾರಿ, ದೂರ ಎಂಬ ಮಾತೇನಾದರೂ ಇದ್ದರೆ ಇದೇ ಉತ್ತರ ತಾನಾಗಿ ಹೋಗುವಂತೆ ಮಾಡಿಟ್ಟಿದ್ದೆವು. ಕಳಿಸಿದ್ದು ಯಂತ್ರ ಹೌದು. ಆದರೆ ವಾಕ್ಯ ನನ್ನದು. ನಾನೇ ಕೂತು ಬರೆದದ್ದು.

ನಾನು ಇಪ್ಪತ್ತೆರಡು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಎಸ್ಟೇಟಿನ ರೈಟರ್ ಎಂದರೆ ಕಥೆ ಬರೆಯುವವನಲ್ಲ. ಬೆಳಗ್ಗೆ ಆಳುಗಳ ಹಾಜರಿ ಹಾಕಿ, ಯಾವ ತೋಟಕ್ಕೆ ಎಷ್ಟು ಜನ ಹೋದರು ಎಂದು ಬರೆದು, ಸಂಜೆ ಮೇಸ್ತ್ರಿ ಹೇಳಿದ್ದಕ್ಕೂ ನಾನು ಕಣ್ಣಾರೆ ಕಂಡದ್ದಕ್ಕೂ ತಾಳೆ ನೋಡುವವನು. ಬಾರದವನನ್ನು ಬಂದ ಎಂದು ಒಂದು ದಿನವೂ ಬರೆದವನಲ್ಲ ಎಂಬ ಹೆಮ್ಮೆ ನನಗಿತ್ತು. ಮೇಸ್ತ್ರಿಗಳು ಬೈದುಕೊಂಡೇ ಗೌರವ ಕೊಡುತ್ತಿದ್ದರು.

ಕೆಲಸ ಬಿಟ್ಟ ಮೇಲೆ ನಾನು, ನನ್ನ ಹೆಂಡತಿ ಸೇರಿ ಅವಳ ತಂದೆ ನಡೆಸುತ್ತಿದ್ದ ಹೋಟೆಲನ್ನು ವಹಿಸಿಕೊಂಡೆವು. ಕೊಟ್ಟಿಗೆಹಾರದಿಂದ ಬಾಳೂರಿನ ಕಡೆ ಹೋಗುವ ರಸ್ತೆಯ ಪಕ್ಕದಲ್ಲೇ ಅದು. ಮಾವನವರ ಕಾಲದಲ್ಲಿ ಹೋಟೆಲ್ ಎಂದರೆ ಇಡ್ಲಿ, ಕಾಫಿ, ಮಧ್ಯಾಹ್ನದ ಊಟ, ಅಷ್ಟೇ. ನಾವು ಹಿಂದುಗಡೆ ಆರು ರೂಮು ಕಟ್ಟಿಸಿ, ಹೊರಗೆ 'ರೂಮುಗಳಿವೆ' ಎಂದು ಬೋರ್ಡು ಹಾಕಿದೆವು. ಮೊದಲೆರಡು ವರ್ಷ ಆ ಬೋರ್ಡೇ ಸಾಕಾಯಿತು. ಕಳಸ, ಹೊರನಾಡಿಗೆ ಹೋಗುವವರು ಹೊತ್ತಾಯಿತೆಂದು ಗಾಡಿ ನಿಲ್ಲಿಸಿ ಉಳಿದುಕೊಳ್ಳುತ್ತಿದ್ದರು.

ಆಮೇಲೆ ಗಾಡಿಗಳು ನಿಲ್ಲುವುದು ಕಡಿಮೆಯಾಯಿತು. ರಸ್ತೆಯಲ್ಲಿ ಜನ ಮೊದಲಿಗಿಂತ ಹೆಚ್ಚೇ ಇದ್ದರು. ಆದರೆ ಎಲ್ಲರೂ ಮನೆಯಿಂದ ಹೊರಡುವಾಗಲೇ ಎಲ್ಲಿ ಮಲಗುವುದೆಂದು ಫೋನಿನಲ್ಲಿ ತೀರ್ಮಾನಿಸಿಕೊಂಡು ಬರುತ್ತಿದ್ದರು. ನಮ್ಮ ಎದುರಲ್ಲೇ ಗಾಡಿ ನಿಲ್ಲಿಸಿ, ನಮ್ಮ ಕಾಫಿ ಕುಡಿದು, ಇನ್ಯಾವುದೋ ಹೋಂಸ್ಟೇಗೆ ದಾರಿ ಕೇಳುತ್ತಿದ್ದರು. ನಾನು ಕೈ ತೋರಿಸಿ ದಾರಿ ಹೇಳುತ್ತಿದ್ದೆ. ಒಂದು ದಸರಾ ರಜೆಯಲ್ಲಿ ಹೀಗೆ ಏಳು ಗಾಡಿಗಳಿಗೆ ದಾರಿ ಹೇಳಿ ಒಳಗೆ ಬಂದರೆ, ನಮ್ಮ ಆರು ರೂಮಿನ ಬೀಗವೂ ಹಾಕಿದ್ದು ಹಾಗೇ ಇತ್ತು.

ಮೂಡಿಗೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ ನನ್ನ ಹೆಂಡತಿಯ ಅಣ್ಣನ ಮಗಳು, ನನಗೆ ಸೊಸೆಯಾಗಬೇಕು, ನಮಗೆ ವೆಬ್‌ಸೈಟ್ ಮಾಡಿಕೊಟ್ಟಳು. ಬುಕಿಂಗ್ ಆ್ಯಪ್‌ಗಳಲ್ಲೂ ಸೇರಿಸಿದಳು. ರೂಮಿನ ಫೋಟೋ ತೆಗೆದಳು, ಹೆಂಡತಿ ಕಡುಬು ಬೇಯಿಸುವುದನ್ನು ತೆಗೆದಳು. ಎಲ್ಲ ಹಾಕಿಯೂ ಯಾರೂ ತಿರುಗಿ ನೋಡಲಿಲ್ಲ.

"ಮಾವ, ಜನ ಮಂಚ ನೋಡಲ್ಲ. ಬೆಳಿಗ್ಗೆ ಎದ್ದು ಎಂತ ನೋಡ್ಬಹುದು ಅಂತ ನೋಡ್ತಾರೆ," ಎಂದಳು ಅವಳು. "ನಿಮ್ಮತ್ರ ಎಂತದೂ ಇಲ್ವಾ?"

ನನ್ನ ಫೋನಿನಲ್ಲಿ ಒಂದು ಫೋಟೋ ಇತ್ತು. ಹಿಂದಿನ ಡಿಸೆಂಬರಿನಲ್ಲಿ ಬಾಳೂರಿನಲ್ಲಿ ಬಾಡಿಗೆ ಜೀಪು ಓಡಿಸುವ ಗೆಳೆಯನ ಜೊತೆ ಮೇಲಿನ ಎಸ್ಟೇಟ್ ದಾಟಿ, ಕಾಡಿನ ಅಂಚಿನ ಬಂಡೆಯ ಮೇಲೆ ಹೋಗಿದ್ದಾಗ ತೆಗೆದದ್ದು. ಕೆಳಗೆ ಕಣಿವೆ ತುಂಬ ಮಂಜು, ದೂರದ ಗುಡ್ಡಗಳ ತಲೆ ಮಾತ್ರ ಕಾಣುವಂತೆ ನಿಂತಿತ್ತು. ಅಲ್ಲಿಗೆ ಜೀಪಿನಲ್ಲಿ ಅರ್ಧ ಗಂಟೆ, ಆಮೇಲೆ ಕಾಲು ಗಂಟೆಯ ಏರು. ಫೋಟೋ ನೋಡಿದ್ದೇ ಅವಳು ಕುರ್ಚಿಯಿಂದ ಎದ್ದುಬಿಟ್ಟಳು. ಫೋಟೋ ಹಾಕುವಾಗ, ದೂರ ಎಷ್ಟು ಎಂದು ಬುಕಿಂಗ್ ಆ್ಯಪ್‌ನ ಫಾರಂನಲ್ಲಿ ತುಂಬಬೇಕಿತ್ತು. ಐದು ನಿಮಿಷ, ಹದಿನೈದು, ಮೂವತ್ತು, ಅದಕ್ಕೂ ಹೆಚ್ಚು ಎಂದು ನಾಲ್ಕು ಸಾಲು. ನಮ್ಮ ಆಸುಪಾಸಿನ ಎಲ್ಲ ಹೋಂಸ್ಟೇಗಳವರೂ ಮೊದಲನೆಯದನ್ನೇ ಒತ್ತಿದ್ದನ್ನು ಅವಳು ತೋರಿಸಿದಳು. ನಾನೂ ಅದನ್ನೇ ಒತ್ತಿದೆ. ಇಪ್ಪತ್ತೆರಡು ವರ್ಷ ಹಾಜರಿ ಬರೆದ ಅದೇ ಬೆರಳಿನಿಂದ.

ನನ್ನ ಹೆಂಡತಿ ಒಂದೇ ಮಾತು ಕೇಳಿದಳು. "ಆ ಬಂಡೆ ನಮ್ದಾ?"

"ನಮ್ದು ಅಂತ ಎಲ್ಲಿ ಬರ್ದಿದೀವಿ?"

"ನಮ್ದಲ್ಲ ಅಂತಾನೂ ಬರ್ದಿಲ್ವಲ್ಲ," ಎಂದು ಹೇಳಿ ಅವಳು ಅಡುಗೆಮನೆಗೆ ಹೋದಳು.

ಹದಿನೈದು ದಿನದೊಳಗೆ ರೂಮುಗಳು ತುಂಬತೊಡಗಿದವು. ಬಂದವರಲ್ಲಿ ಹೆಚ್ಚಿನವರು ಹುಡುಗರು. ಬಂಡೆ ದೂರ ಎಂದರೆ ನಕ್ಕು, ಜೀಪು ಹತ್ತಿ ಹೋಗಿ ಬರುತ್ತಿದ್ದರು. ಒಬ್ಬ ಮಾತ್ರ 'ಬಂಡೆ ಹತ್ತಿರದಲ್ಲಿಲ್ಲ, ಮೋಸ' ಎಂದು ನಮ್ಮ ಪುಟದಲ್ಲಿ ಬರೆದ. ಅದಕ್ಕೂ ಸೊಸೆಯ ಬಳಿ ಉಪಾಯವಿತ್ತು. ಹೊರಡುವವರ ಕೈಗೆ ಒಂದು ಪೊಟ್ಟಣ ಕಾಫಿಪುಡಿ ಕೊಟ್ಟು, ಎರಡು ಒಳ್ಳೆಯ ಮಾತು ಬರೆಯಿರಿ ಎಂದು ಕೇಳಿಕೊಂಡರಾಯಿತು, ಹಳೆಯ ಬೈಗುಳ ಕೆಳಗೆ ಜಾರುತ್ತದೆ. ಹಾಗೇ ಆಯಿತು. ಅದು ಕೆಳಗೆ ಜಾರಿ ಕಣ್ಣಿಗೆ ಬೀಳದಂತಾದ ದಿನ ನನಗೆ ನಿಜಕ್ಕೂ ಸಮಾಧಾನವಾಗಿತ್ತು.

ಮಳೆಗಾಲ ಮುಗಿದು, ಕಾಫಿ ಕಾಯಿ ಬಣ್ಣ ತಿರುಗುವ ಹೊತ್ತಿಗೆ ಮೈಸೂರಿನ ಆ ತಾಯಿ, ಮಗಳು ಬಂದರು. ತಾಯಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಗಳಿಗೆ ಮೂವತ್ತೈದರ ಆಸುಪಾಸು. ತಾಯಿ ಊರುಗೋಲು ಊರಿಕೊಂಡು ಕಾರಿನಿಂದ ಇಳಿದವರೇ ನಮ್ಮ ಹಿತ್ತಲ ಕಡೆ ನೋಡಿ, "ಎಲ್ಲಿ ಬಂಡೆ?" ಎಂದು ಕೇಳಿದರು.

ಆಗಲೇ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಊಟ ಮಾಡಿಯಮ್ಮ. ಮಳೆಗೆ ದಾರಿ ಸ್ವಲ್ಪ ಕೆಟ್ಟಿದೆ. ಜೀಪಲ್ಲಿ ಕರ್ಕೊಂಡು ಹೋಗ್ತೀವಿ."

ಮಗಳು ನನ್ನ ಮುಖವನ್ನೇ ನೋಡಿದರು. "ಐದು ನಿಮಿಷಕ್ಕೆ ಜೀಪ್ ಯಾಕೆ?"

"ಅಮ್ಮನವರಿಗೆ ತೊಂದ್ರೆ ಆಗ್ಬಾರ್ದು ಅಂತ," ಎಂದೆ.

ಇನ್ನೊಂದು ವಿಷಯವೂ ಇತ್ತು. ನಮ್ಮ ಕಡೆ ಆನೆ ಕಂಡರೆ ಅರಣ್ಯ ಇಲಾಖೆಯವರು ಫೋನಿಗೆ ಸುದ್ದಿ ಕಳಿಸುತ್ತಾರೆ. ಅಂದು ಬೆಳಗ್ಗೆ ಒಂಟಿ ಆನೆಯೊಂದು ಎರಡು ಗುಡ್ಡದಾಚೆ ಇದೆ ಎಂದು ಬಂದಿತ್ತು. ಎರಡು ಗುಡ್ಡದಾಚೆ ತಾನೆ ಎಂದುಕೊಂಡು ಫೋನು ಜೇಬಿಗೆ ಹಾಕಿದೆ. ಜೀಪಿನ ಗೆಳೆಯನಿಗೂ ಅದೇ ಸುದ್ದಿ ಬಂದಿತ್ತು. ಅವನು ನನ್ನನ್ನು ಪಕ್ಕಕ್ಕೆ ಕರೆದು, "ಇವತ್ತು ಬೇಡ ಮಾರಾಯ. ಮೇಲಿನ ಮೋರಿ ಹತ್ರ ಧರೆ ಜರಿದಿದೆ, ಜೀಪು ಅಲ್ಲಿಗೇ ನಿಲ್ತದೆ. ಆ ಅಮ್ಮ ಎಲ್ಲಿಂದ ನಡೀತಾರೆ?" ಎಂದ. ನಾನು, "ಜೀಪು ಹೋಗುವಷ್ಟು ದೂರ ಹೋಗಿ ತೋರ್ಸಿ ಬರೋಣ" ಎಂದೆ. ಅವನು ತಲೆ ಕೆರೆದುಕೊಂಡು ಸ್ಟೇರಿಂಗ್ ಹಿಡಿದ.

ಮೋರಿಯ ಹತ್ತಿರ ಜೀಪು ನಿಂತಾಗ ಮೂರು ಗಂಟೆ. ದಾರಿ ಬದಿಯ ಗೋಡೆಯಂಥ ಧರೆ ಜರಿದು ಅರ್ಧ ದಾರಿ ಮಣ್ಣಿನಡಿ ಹೋಗಿತ್ತು. ಮಗಳು ಇಳಿದು ಸುತ್ತ ನೋಡಿದರು. ಬಂಡೆ ಎಲ್ಲೂ ಕಾಣುತ್ತಿರಲಿಲ್ಲ. ಅವರು ಏನೋ ಹೇಳುವಷ್ಟರಲ್ಲಿ ತಾಯಿ ಕೈಗಡಿಯಾರ ನೋಡಿಕೊಂಡು, "ಇಲ್ಲಿಂದ ತಾನೆ ಐದು ನಿಮಿಷ? ನಡೀತೀನಿ," ಎಂದು ಹೊರಟೇಬಿಟ್ಟರು.

ನಾನು ಪಕ್ಕದಲ್ಲೇ ನಡೆದೆ. ಅವರು ಊರುಗೋಲನ್ನು ಮೊದಲು ಇಟ್ಟು, ಆಪರೇಷನ್ ಆದ ಕಾಲು ತಂದು, ಆಮೇಲೆ ಇನ್ನೊಂದು ಕಾಲು ತರುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನಿಂತು ಗಡಿಯಾರ ನೋಡಿ, "ಇನ್ನೆಷ್ಟಿದೆ?" ಎಂದು ಕೇಳಿದರು.

"ಇಲ್ಲೇ, ಆ ತಿರುವಲ್ಲಿ," ಎಂದೆ. ಆ ತಿರುವಿನಾಚೆ ಇನ್ನೂ ಮೂರು ತಿರುವುಗಳಿದ್ದವು.

ತಿರುವು ದಾಟಿದಾಗ ಅವರ ಮುಖ ಬಿಳುಪಾಗಿತ್ತು. ದಾರಿಯ ಬದಿಯಲ್ಲಿ ಕಡಿದು ಉರುಳಿಸಿದ್ದ ಸಿಲ್ವರ್ ಮರದ ದಿಮ್ಮಿಯ ಮೇಲೆ ಕೂತುಬಿಟ್ಟರು. "ಅಮ್ಮ, ವಾಪಸ್ ಹೋಗೋಣ," ಎಂದರು ಮಗಳು.

"ನನಗಾಗಲ್ಲ. ನೀನಾದ್ರೂ ನೋಡ್ಕೊಂಡು ಬಾ. ಒಂದು ಫೋಟೋ ತೆಗಿ," ಎಂದು ತಾಯಿ ಹಟ ಹಿಡಿದರು. ಮಗಳು ಜೀಪಿನ ಗೆಳೆಯನ ಜೊತೆ ಮೇಲೆ ಹೋದರು. ನಾನು, ಆ ತಾಯಿ ಉಳಿದೆವು.

ಅವರೇ ಮಾತು ತೆಗೆದರು. "ಆಪರೇಷನ್ ಆದ ಮೇಲೆ ನಾನು ಎದ್ದು ನಿಲ್ಲೋಕೇ ಒಪ್ಪುತ್ತಿರಲಿಲ್ಲ. ನೋವಿಗೆ ಹೆದರಿ. ಮಗಳು ನಿಮ್ಮ ಫೋಟೋನ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದಳು. 'ಐದು ನಿಮಿಷ ನಡೆಯೋ ಹಾಗಾದ್ರೆ ಇಲ್ಲಿಗೆ ಕರ್ಕೊಂಡು ಹೋಗ್ತೀನಿ' ಅಂದಳು. ಮೊದಲ ದಿನ ಒಂದು ನಿಮಿಷಕ್ಕೇ ಅತ್ತುಬಿಟ್ಟೆ. ಐದು ನಿಮಿಷ ಆಗೋಕೆ ಎರಡು ತಿಂಗಳು ಹಿಡೀತು. ಮನೆ ಒಳಗೇ, ಬಾಗಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ."

ಇನ್ನು ಹೇಳದೆ ಉಪಾಯವಿಲ್ಲ ಎಂದು, "ಅಮ್ಮ, ಒಂದು ಮಾತು..." ಎಂದು ಬಾಯಿ ತೆರೆದೆ.

ಆಗ ಕೆಳಗಿನಿಂದ ಲಟಕ್ ಎಂಬ ಸದ್ದು ಬಂತು. ಮರ ಮುರಿದ ಸದ್ದಲ್ಲ. ತಾಳೆ ಜಾತಿಯ ಹಸಿ ಬೈನೆ ಮರವನ್ನು ಉದ್ದಕ್ಕೆ ಸಿಗಿಯುವ ಸದ್ದು. ನಮ್ಮಲ್ಲಿ ಅದು ಚಿಕ್ಕ ಮಕ್ಕಳಿಗೂ ಗೊತ್ತು. ಬೈನೆ ಸಿಗಿದು ತಿನ್ನುವುದು ಒಂದೇ ಪ್ರಾಣಿ.

ನಾನು ತುಟಿಯ ಮೇಲೆ ಬೆರಳಿಟ್ಟೆ. ಅವರಿಗೆ ಅರ್ಥವಾಯಿತು. ಆನೆ ಕೆಳಗಿನ ಕಾಫಿ ಗಿಡಗಳ ನಡುವಿನಿಂದ ದಾರಿಗೆ ಹತ್ತಿ ಬಂತು. ನಾವು ಕೂತಲ್ಲಿಂದ ಎರಡು ಬಸ್ಸಿನ ಉದ್ದದಷ್ಟು ಕೆಳಗೆ, ನಮಗೂ ಜೀಪಿಗೂ ನಡುವೆ. ಒಂಟಿ ಗಂಡಾನೆ. ಮೈಮೇಲೆ ಕೆಂಪು ಮಣ್ಣು ಒಣಗಿತ್ತು. ಗಾಳಿ ಅದರ ಕಡೆಯಿಂದ ನಮ್ಮ ಕಡೆ ಬೀಸುತ್ತಿದ್ದುದು ನಮ್ಮ ಪುಣ್ಯ. ಬಲಕ್ಕೆ ಏರಲಾಗದ ಧರೆ, ಎಡಕ್ಕೆ ಇಳಿಜಾರು. ನಾನೊಬ್ಬನೇ ಆಗಿದ್ದರೆ ಮೇಲಕ್ಕೆ ಓಡುತ್ತಿದ್ದೆ. ಪಕ್ಕದಲ್ಲಿದ್ದವರಿಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಜೇಬಿನ ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ.

ಅವರು ನನ್ನ ತೋಳು ಹಿಡಿದು, ಉಸಿರಿನಲ್ಲೇ, "ನನ್ನ ಮಗಳು ಮೇಲಿದ್ದಾಳೆ," ಎಂದರು.

ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು. ಅವರಿಬ್ಬರೂ ಮಾತಾಡಿಕೊಂಡು ಜೋರಾಗಿ ಇಳಿದು ಬಂದರೆ ಆನೆ ಯಾವ ಕಡೆ ತಿರುಗುತ್ತದೋ ಹೇಳಲಾಗದು. ಅದು ನಿಂತಲ್ಲೇ ನಿಂತು, ಸೊಂಡಿಲಿನಿಂದ ಮಣ್ಣು ಕೆದಕಿ ಬೆನ್ನಿಗೆ ಎರಚಿಕೊಂಡಿತು. ಒಮ್ಮೆ ಸೊಂಡಿಲು ಎತ್ತಿ ನಮ್ಮ ಕಡೆ ಚಾಚಿತು. ಆ ತಾಯಿಯ ಉಗುರುಗಳು ನನ್ನ ತೋಳಿಗೆ ನಾಟಿದವು. ನಾನು ದೇವರನ್ನು ನೆನೆಯಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಆ ಫಾರಂ, ಅದರ ನಾಲ್ಕು ಸಾಲು, ಒತ್ತಿದ ಮೊದಲನೆಯ ಸಾಲು.

ಎಷ್ಟು ಹೊತ್ತು ಕಳೆಯಿತೋ ತಿಳಿಯದು. ಆನೆ ಮೆಲ್ಲಗೆ ತಿರುಗಿ, ಬಂದ ದಾರಿಯಲ್ಲೇ ಕೆಳಗಿನ ತೋಟಕ್ಕೆ ಇಳಿಯಿತು. ಕಾಫಿ ಗಿಡಗಳು ಮುರಿಯುವ ಸದ್ದು ದೂರವಾಗುತ್ತಾ ಹೋಯಿತು. ಅದು ಪೂರ್ತಿ ಅಡಗುವವರೆಗೂ ನಾವು ಅಲುಗಲಿಲ್ಲ. ಮೇಲಿನಿಂದ ಸಣ್ಣಗೆ ಒಂದು ಸಿಳ್ಳೆ ಕೇಳಿತು. ಜೀಪಿನ ಗೆಳೆಯ. ಮೇಲಿನ ತಿರುವಿನಲ್ಲೇ ಸದ್ದು ಕೇಳಿದ ಅವನು ಮಗಳನ್ನು ತಡೆದು ನಿಲ್ಲಿಸಿ, ಬಾಯಿ ಮುಚ್ಚಿಕೊಂಡಿರಲು ಹೇಳಿದ್ದನಂತೆ. ಅವನಿಗೆ ಆ ಬುದ್ಧಿ ಇಲ್ಲದೆ ಹೋಗಿದ್ದರೆ ನಾನು ಇಂದು ಇದನ್ನು ಬರೆಯುತ್ತಿದ್ದೆನೋ ಇಲ್ಲವೋ.

ತಾಯಿಯ ಮಂಡಿ ಬಿಗಿದುಹೋಗಿತ್ತು. ನಾನು, ಗೆಳೆಯ ಕೈಗೆ ಕೈ ಹೆಣೆದು ಕುರ್ಚಿ ಮಾಡಿ ಅವರನ್ನು ಕೂರಿಸಿಕೊಂಡು ಇಳಿದೆವು. ಆನೆಯ ಹೆಜ್ಜೆಯ ಗುಂಡಿಗಳನ್ನು ದಾಟಿಯೇ ಇಳಿಯಬೇಕಿತ್ತು. ಜೀಪು ಹತ್ತಿಸಿದ ಮೇಲೆ ಅವರು ನೇರವಾಗಿ ನನ್ನನ್ನೇ ನೋಡಿ ಕೇಳಿದರು.

"ನಿಜ ಹೇಳಿ. ಇದು ಯಾವತ್ತಾದ್ರೂ ಐದು ನಿಮಿಷದ ದಾರಿಯಾಗಿತ್ತಾ?"

"ಇಲ್ಲಮ್ಮ."

"ಹಾಗಾದ್ರೆ ಹಾಗಂತ ಬರೆದವರು ಯಾರು?"

"ನಾನೇ."

ಮಗಳು ಮುಂದಿನ ಸೀಟಿನಿಂದ ತಿರುಗಿದರು. "ಆನೆ ಇರೋದೂ ಗೊತ್ತಿತ್ತಾ?"

"ಬೆಳಿಗ್ಗೆ ಸುದ್ದಿ ಬಂದಿತ್ತು. ದೂರ ಇದೆ ಅಂತ..." ಎಂದೆ.

"ಅಮ್ಮ ಎರಡು ತಿಂಗಳು ಅತ್ತುಕೊಂಡು ನಡೆದಿದ್ದಾರೆ ರೀ," ಎಂದಷ್ಟೇ ಹೇಳಿ ಅವರು ಮುಂದಕ್ಕೆ ತಿರುಗಿಕೊಂಡರು. ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ನನ್ನ ಹೆಂಡತಿ ಏನಾಯಿತೆಂದು ಗೆಳೆಯನ ಬಾಯಿಂದ ಕೇಳಿಕೊಂಡಳು. ನೀಲಗಿರಿ ಎಣ್ಣೆ, ಬಿಸಿನೀರಿನ ಚೀಲ ತೆಗೆದುಕೊಂಡು ಆ ತಾಯಿಯ ರೂಮಿಗೆ ಹೋದಳು. ಬಾಗಿಲು ತೆರೆದೇ ಇತ್ತು. "ತಪ್ಪಾಯ್ತಮ್ಮ," ಎಂದು ಅವಳು ಹೇಳುವುದು ನನಗೆ ಕೇಳಿಸಿತು. ಮಾಡದವಳು ತಪ್ಪು ಒಪ್ಪಿಕೊಳ್ಳುತ್ತಿದ್ದಳು. ಮಾಡಿದವನು ಜಗಲಿಯಲ್ಲಿ ನಿಂತಿದ್ದ. ಮರುದಿನ ಬೆಳಗ್ಗೆ ಅವರು ಹೊರಟಾಗ ತಾಯಿ ನನ್ನ ಹೆಂಡತಿಯ ಕೈ ಹಿಡಿದು ಮಾತಾಡಿದರು. ನನ್ನ ಕಡೆ ನೋಡದೆ ಕಾರು ಹತ್ತಿದರು.

ಕೆಲವು ದಿನಗಳ ನಂತರ ಸೊಸೆಯ ಫೋನು ಬಂತು. "ಮಾವ, ಅವ್ರು ಬರ್ದಿದಾರೆ. ಉದ್ದಕ್ಕೆ ಬರ್ದಿದಾರೆ. ಆದ್ರೆ ನೀವು ಹೆದರ್ಬೇಡಿ. ಸುಳ್ಳು ಬರ್ದಿದಾರೆ ಅಂತ ನಾವು ಕಂಪ್ಲೇಂಟ್ ಹಾಕಿದ್ರೆ ತೆಗೀತಾರೆ. ಆನೆ ಗೀನೆ ಅಂತ ಇದ್ದಿದ್ದು ನೋಡಿದ್ರೆ ಕಂಪನಿಯವ್ರೂ ನಂಬಲ್ಲ."

ಆ ಮಾತು ನನಗೆ ಆಸೆ ಹುಟ್ಟಿಸಿತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಮುಂದೆ ರಜೆಗಳ ಸಾಲು ಇತ್ತು. ಆರು ರೂಮಿಗೂ ಬುಕಿಂಗ್ ಇತ್ತು. ನಾನು ಎರಡು ದಿನ ತಡೆದು, ಮೂರನೆಯ ದಿನ ಹೆಂಡತಿಯ ಮುಂದೆ ಫೋನು ಹಿಡಿದು ಕೂತೆ. ಅವರು ಬರೆದದ್ದು ಇಂಗ್ಲಿಷಿನಲ್ಲಿತ್ತು. ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ರೂಮು ಚೊಕ್ಕಟ, ಊಟ ಮನೆಯ ಊಟದ ಹಾಗೆ. ಫೋಟೋದ ಬಂಡೆ ಇವರದಲ್ಲ, ಐದು ನಿಮಿಷದ ದಾರಿಯೂ ಅಲ್ಲ. ಆನೆ ಇರುವ ಸುದ್ದಿ ಗೊತ್ತಿದ್ದೂ ಹೇಳಲಿಲ್ಲ. ಕೇಳಿದಾಗ ಮಾಲೀಕರು ಒಪ್ಪಿಕೊಂಡರು, ಆದರೆ ಕೇಳಿದ ಮೇಲೆ.

"ಇದ್ರಲ್ಲಿ ಸುಳ್ಳು ಯಾವ್ದು?" ಎಂದಳು ಹೆಂಡತಿ.

"ಯಾವ್ದೂ ಇಲ್ಲ."

"ಮತ್ತೆ ಎಂತಕ್ಕೆ ಕಂಪ್ಲೇಂಟ್?"

ಅಂದೇ ನಮ್ಮ ಪುಟದಿಂದ ಬಂಡೆಯ ಫೋಟೋ ತೆಗೆಸಿಹಾಕಿದೆ. ತಾನಾಗಿ ಹೋಗುವ ಉತ್ತರವನ್ನೂ ನಿಲ್ಲಿಸಿದೆ. ಅವರು ಬರೆದದ್ದರ ಕೆಳಗೆ, "ಇದು ಪೂರ್ತಿ ನಿಜ. ತಪ್ಪು ನನ್ನದು. ಬಂಡೆಗೆ ಜೀಪು ಮತ್ತು ಕಡಿದಾದ ನಡಿಗೆ ಬೇಕು. ಆನೆ ಓಡಾಟವಿದ್ದರೆ ಕರೆದುಕೊಂಡು ಹೋಗುವುದಿಲ್ಲ" ಎಂದು ಬರೆದೆ. ಬುಕ್ ಮಾಡಿದ್ದವರಿಗೆಲ್ಲ ಅದನ್ನೇ ಕಳಿಸಿದೆ. ಮೂರು ಕುಟುಂಬಗಳು ರದ್ದು ಮಾಡಿದವು. ಸೊಸೆ ಸಿಟ್ಟಾಗಿ, "ಮೊದಲ್ನೇ ಪುಟಕ್ಕೆ ತರೋಕೆ ಎಷ್ಟು ಒದ್ದಾಡಿದೀನಿ ಗೊತ್ತುಂಟಾ ಮಾವ?" ಎಂದಳು. ಅವಳ ಶ್ರಮ ಸುಳ್ಳಾಗಿರಲಿಲ್ಲ. ಜೀಪಿನ ಗೆಳೆಯನಿಗೂ ಬಾಡಿಗೆ ತಪ್ಪಿತು. "ನೀನು ಸತ್ಯವಂತ ಆಗೋಕೆ ಇದೇ ಸೀಸನ್ ಬೇಕಿತ್ತಾ ಮಾರಾಯ?" ಎಂದು ನಕ್ಕ. ಆ ನಗುವಿನಲ್ಲಿ ಅರ್ಧ ಬೇಸರವಿತ್ತು.

ಆ ತಾಯಿಗೆ ಒಂದು ಕಾಗದ ಬರೆದೆ, ಕೈಯಲ್ಲೇ, ಅಂಚೆಯಲ್ಲಿ ಹಾಕಿದೆ. ಉತ್ತರ ಬರಲಿಲ್ಲ. ಬರಲೇಬೇಕೆಂದೂ ಇರಲಿಲ್ಲ.

ಈಗ ನಮ್ಮ ಪುಟದಲ್ಲಿ ರೂಮು, ಜಗಲಿ, ಅಡುಗೆ ಅಷ್ಟೇ ಇವೆ. ಮೂರು ರೂಮು ತುಂಬಿದರೆ ಒಳ್ಳೆಯ ದಿನ. ಬಂಡೆಯ ಫೋಟೋ ಮಾತ್ರ ಸಾಯಲಿಲ್ಲ. ನನ್ನದನ್ನೇ ಎತ್ತಿಕೊಂಡು ಇನ್ನೂ ನಾಲ್ಕು ಕಡೆಯವರು ಹಾಕಿಕೊಂಡಿದ್ದಾರೆ ಎಂದು ಸೊಸೆ ತೋರಿಸಿದಳು.

ಕಳೆದ ತಿಂಗಳು ಒಂದು ಮಧ್ಯಾಹ್ನ ಕಾರೊಂದು ನಮ್ಮೆದುರು ನಿಂತಿತು. ಗಂಡ, ಹೆಂಡತಿ, ಹಿಂದೆ ಇಬ್ಬರು ಮಕ್ಕಳು. ಗಂಡ ಫೋನು ಚಾಚಿ ಆ ಫೋಟೋ ತೋರಿಸಿ, "ಇದಕ್ಕೆ ಹೇಗೆ ಹೋಗೋದು? ನಾವು ಇಳಿದಿರೋ ಹೋಂಸ್ಟೇಯಿಂದ ಹತ್ತಿರ ಅಂತ ಇದೆ," ಎಂದರು.

"ಹತ್ತಿರ ಇಲ್ಲ ಸಾರ್. ಕಾರು ಹೋಗಲ್ಲ. ನಿನ್ನೆಯಿಂದ ಆನೆ ಅದೇ ಕಡೆ ಇದೆ. ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ," ಎಂದೆ.

ಅವರು ಒಮ್ಮೆ ಫೋನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಹಿಂದಿದ್ದ ನಮ್ಮ ಬೋರ್ಡನ್ನೂ ನೋಡಿದರು. ತನ್ನ ರೂಮಿಗೆ ಗಿರಾಕಿ ಹಿಡಿಯಲು ಹೆದರಿಸುತ್ತಿದ್ದಾನೆ ಎಂದು ಅವರಿಗೆ ಅನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. "ಥ್ಯಾಂಕ್ಸ್" ಎಂದು ಹೇಳಿ ಕಾರನ್ನು ಮೇಲಿನ ದಾರಿಗೇ ತಿರುಗಿಸಿದರು.

ನಾನು ಜೀಪಿನ ಗೆಳೆಯನಿಗೆ ಫೋನು ಮಾಡಿದೆ. ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದ. ಇಬ್ಬರೂ ಹಿಂದೆಯೇ ಹೋದೆವು. ಮೊದಲ ಏರಿನಲ್ಲೇ ಕಾರಿನ ಚಕ್ರ ಕೆಸರಿನಲ್ಲಿ ಹೂತು ಸುತ್ತುತ್ತಿತ್ತು. ಮಕ್ಕಳು ಆಗಲೇ ಇಳಿದು ಬೈನೆ ಮರದ ಕೆಳಗೆ ಆಡುತ್ತಿದ್ದರು. ಗೆಳೆಯ ಮಕ್ಕಳಿಬ್ಬರನ್ನೂ ಎತ್ತಿ ಜೀಪಿನೊಳಗೆ ಕೂರಿಸಿದ. ಆಮೇಲೆ ಹಗ್ಗ ತೆಗೆದ. ನಾನು ಕೆಸರಿನಲ್ಲಿ ಮಂಡಿಯೂರಿ ಕಾರಿನ ಕೆಳಗೆ ಕೊಕ್ಕೆ ಹುಡುಕತೊಡಗಿದೆ. ಆ ಗಂಡ ಪಕ್ಕದಲ್ಲಿ ನಿಂತು, ಸಿಗ್ನಲ್ ಇಲ್ಲದ ಫೋನನ್ನು ಮೇಲೆತ್ತಿ ಹಿಡಿದೇ ಇದ್ದರು.